ನಲವತ್ತೈದನೇ ದಿನದ ಇಂಜೆಕ್ಷನ್

ನಾಯಿಗೆ ಚರ್ಮದಡಿ ಇಂಜೆಕ್ಷನ್ ಚುಚ್ಚುವುದು ಮಹಾ ವಿದ್ಯೆಯೇನಲ್ಲ. ಹೆಗಲ ಮೇಲಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಸೂಜಿ ಇಳಿಸಿದರೆ ಆಯಿತು. ನಾಲ್ಕು ಸಲ ನೋಡಿದವರಿಗೆ ಬರುತ್ತದೆ. ಸೂಜಿ ಈ ಕಡೆ ಹೊಕ್ಕು ಆ ಕಡೆ ಹೊರಬಂದು ಔಷಧವೆಲ್ಲ ಕೂದಲಿಗೆ ಸುರಿಯುವುದೂ ಉಂಟು, ಆದರೆ ಅದು ಹೊಸಬರ ಎಡವಟ್ಟು, ತಿದ್ದಿಕೊಳ್ಳಬಹುದು. ಹೀಗಿರುವಾಗ ‘ಇದಕ್ಕೂ ಡಾಕ್ಟರಿಗೆ ಯಾಕೆ ದುಡ್ಡು ಕೊಡಬೇಕು, ಅಂಗಡಿಯಲ್ಲಿ ಏಳು ರೋಗಕ್ಕೆ ಒಂದೇ ಲಸಿಕೆ, ಸೆವೆನ್ ಇನ್ ಒನ್, ಸಿಗುತ್ತೆ, ನಾನೇ ಹಾಕ್ತೀನಿ’ ಎನ್ನುವವರಿಗೆ ‘ನಿಮಗೆ ಚುಚ್ಚೋಕೆ ಬರಲ್ಲ’ ಎಂದರೆ ಅವರು ನಗುತ್ತಾರೆ. ನಗುವುದು ಸರಿಯೇ.

ಗೊಂದಲ ಇರುವುದು ಬೇರೆ ಕಡೆ. ಜಂತುಹುಳು ಮಾತ್ರೆಯನ್ನೂ ಲಸಿಕೆಯನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಎರಡಕ್ಕೂ ಒಂದೇ ಪುಸ್ತಕ, ಅಕ್ಕಪಕ್ಕದ ಪುಟ. ಆದರೆ ಮಾತ್ರೆ ನೇರವಾಗಿ ಹುಳುವಿನ ಮೇಲೆ ಬೀಳುತ್ತದೆ. ನಾಯಿಯ ದೇಹ ಏನೂ ಮಾಡದಿದ್ದರೂ ಹುಳು ಸಾಯುತ್ತದೆ. ಲಸಿಕೆ ತಾನಾಗಿ ಒಂದೇ ಒಂದು ವೈರಸ್ಸನ್ನೂ ಕೊಲ್ಲುವುದಿಲ್ಲ. ಅದು ದೇಹಕ್ಕೆ ಕೆಲಸ ಹಚ್ಚುತ್ತದೆ, ಅಷ್ಟೆ. ದೇಹ ಆ ಕೆಲಸ ಮಾಡಿತೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಮರಿ ಮೊದಲಿನಂತೆಯೇ ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತದೆ. ಆದ್ದರಿಂದ ಮಾತ್ರೆ ಮನೆಯಲ್ಲಿ ಕೊಡಿ, ಲಸಿಕೆಯನ್ನು ಪಶುವೈದ್ಯರಿಗೆ ಬಿಡಿ ಎಂಬುದು ನನ್ನ ವಾದ.

ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಲೆಕ್ಕ ‘45 ದಿನಕ್ಕೆ ಮೊದಲ ಇಂಜೆಕ್ಷನ್’. ಮನೆಯಲ್ಲಿ ಚುಚ್ಚುವವರು ಬಹಳ ಸಲ ಅದೊಂದಕ್ಕೇ ಕೈ ತೊಳೆದುಕೊಳ್ಳುತ್ತಾರೆ. ತಿಂಗಳು ಕಳೆದ ಮೇಲೆ ಮರಿ ವಾಂತಿ, ರಕ್ತಭೇದಿ ಹತ್ತಿ ಸತ್ತಾಗ ‘ಲಸಿಕೆ ಹಾಕಿದ್ರೂ ಪಾರ್ವೋ ಬಂತು, ಎಲ್ಲ ಮೋಸ’ ಎನ್ನುತ್ತಾರೆ. ಪಾರ್ವೋ ಎಂದರೆ ಮರಿಗಳ ಕರುಳಿಗೆ ಬರುವ ವೈರಸ್ ರೋಗ. ಅಲ್ಲಿ ನಿಜವಾಗಿ ಏನಾಗಿರುತ್ತದೆ ಎಂಬುದು ನಾಯಿ ಸಾಕುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಸೊಗಸಾದ ಲೆಕ್ಕ. ಸ್ವಲ್ಪ ನಿಧಾನವಾಗಿಯೇ ನೋಡೋಣ.

ಹುಟ್ಟಿದ ಮರಿಗೆ ತನ್ನದೇ ಆದ ಪ್ರತಿಕಾಯಗಳು (ರೋಗಾಣುಗಳನ್ನು ತಡೆಯುವ ರಕ್ತದ ಪ್ರೋಟೀನುಗಳು) ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೊದಲ ದಿನ ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ಪ್ರತಿಕಾಯಗಳು ಬರುತ್ತವೆ. ಒಂದು ದಿನ ಕಳೆದರೆ ಮರಿಯ ಕರುಳಿಗೆ ಅವನ್ನು ಹೀರುವ ಶಕ್ತಿ ಹೋಗುತ್ತದೆ. ಅಲ್ಲಿಂದ ಮುಂದೆ ಅದು ತಾಯಿ ಕಟ್ಟಿಕೊಟ್ಟ ಬುತ್ತಿ; ದಿನದಿನಕ್ಕೂ ಕರಗುತ್ತದೆ, ಮತ್ತೆ ತುಂಬುವುದಿಲ್ಲ. ಪಾರ್ವೋ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತವೆ.

ಈಗ ಒಂದು ಮರಿಯ ರಕ್ತದಲ್ಲಿ ಹುಟ್ಟಿದ ಹೊಸತರಲ್ಲಿ ಪ್ರತಿಕಾಯದ ಮಟ್ಟ 1280 ಇತ್ತೆನ್ನಿ. ಹತ್ತನೇ ದಿನ 640, ಇಪ್ಪತ್ತಕ್ಕೆ 320, ಮೂವತ್ತಕ್ಕೆ 160, ನಲವತ್ತಕ್ಕೆ 80, ಐವತ್ತಕ್ಕೆ 40, ಅರವತ್ತಕ್ಕೆ 20. ಬೀದಿಯ ಪಾರ್ವೋವನ್ನು ತಡೆಯಲು 80ರಷ್ಟಾದರೂ ಬೇಕು. ಲಸಿಕೆಯಲ್ಲಿರುವುದು ಬಲ ಕುಂದಿಸಿದ ವೈರಸ್. ಅದನ್ನು ಹೊಡೆದುಹಾಕಲು ಸುಮಾರು 20 ಇದ್ದರೂ ಸಾಕು. ಅಂದರೆ ನಲವತ್ತರಿಂದ ಅರವತ್ತನೇ ದಿನದ ತನಕ ಈ ಮರಿ ವಿಚಿತ್ರ ಸ್ಥಿತಿಯಲ್ಲಿರುತ್ತದೆ. ರೋಗವನ್ನು ತಡೆಯುವಷ್ಟು ಪ್ರತಿಕಾಯ ಉಳಿದಿಲ್ಲ, ಲಸಿಕೆಯನ್ನು ಕೆಡಿಸುವಷ್ಟು ಉಳಿದಿದೆ. ನಮ್ಮ 45ನೇ ದಿನ ಸರಿಯಾಗಿ ಆ ಅವಧಿಯ ಹೊಟ್ಟೆಯೊಳಗೆ ಬಂದು ಕೂರುತ್ತದೆ.

ಅದರ ಒಡಹುಟ್ಟು, ಮೊಲೆ ಸಿಗದೆ ಪಕ್ಕಕ್ಕೆ ತಳ್ಳಿಸಿಕೊಂಡ ಬಡಕಲು ಮರಿ, 320ರಿಂದ ಶುರು ಮಾಡಿತ್ತೆನ್ನಿ. ಅದರ ರಕ್ಷಣೆ ಇಪ್ಪತ್ತನೇ ದಿನಕ್ಕೇ ಮುಗಿಯಿತು, ಆದರೆ 45ಕ್ಕೆ ಹಾಕಿದ ಲಸಿಕೆ ಅದಕ್ಕೆ ಚೆನ್ನಾಗಿ ಹತ್ತುತ್ತದೆ. ಎಲ್ಲರಿಗಿಂತ ಹೆಚ್ಚು ಹಾಲು ಕುಡಿದ ಗುಂಡುಮರಿ 5120ರಿಂದ ಹೊರಟರೆ ಅರವತ್ತರ ತನಕ ಕ್ಷೇಮ. ಆದರೆ ಎಂಬತ್ತನೇ ದಿನದವರೆಗೆ ಯಾವ ಲಸಿಕೆ ಹಾಕಿದರೂ ನೀರಿಗೆ ಹಾಕಿದಂತೆ. ಒಂದೇ ತಾಯಿ, ಒಂದೇ ಸೂಲು, ಒಂದೇ ವಯಲ್, ಮೂರು ಬಗೆಯ ಫಲ. ಯಾವ ಮರಿ ಯಾವ ಗುಂಪಿಗೆ ಸೇರಿದ್ದು ಎಂದು ಮುಖ ನೋಡಿ ಹೇಳುವ ವಿದ್ಯೆ ಯಾರಿಗೂ ಇಲ್ಲ, ವೈದ್ಯರಿಗೂ ಇಲ್ಲ. ಅದಕ್ಕೇ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಚುಚ್ಚಿ, ಕೊನೆಯದನ್ನು 16 ವಾರ ತುಂಬಿದ ಮೇಲೆ ಹಾಕಬೇಕು. ‘ಬೂಸ್ಟರ್’ ಎಂದು ಕರೆಯುವುದರಿಂದ ಮೊದಲನೆಯದು ಹತ್ತಿದೆ, ಇದು ಅದಕ್ಕೆ ಒತ್ತಾಸೆ ಎಂಬ ಭಾವನೆ ಬರುತ್ತದೆ. ಎಷ್ಟೋ ಮರಿಗಳಲ್ಲಿ ಮೂರನೆಯದೇ ನಿಜವಾದ ಮೊದಲನೆಯದು. ಇತ್ತೀಚಿನ ಲಸಿಕೆಗಳು ಈ ಅಪಾಯದ ಅವಧಿಯನ್ನು ಕಿರಿದು ಮಾಡಿವೆ, ಇಲ್ಲವಾಗಿಸಿಲ್ಲ.

‘ನಾಟಿ ನಾಯಿಗೆ ಇದೆಲ್ಲ ಬೇಡ, ಅದಕ್ಕೆ ಹುಟ್ಟಿನಿಂದಲೇ ಶಕ್ತಿ ಇರುತ್ತೆ’ ಎಂಬ ಮಾತಂತೂ ಸಿಟ್ಟು ತರಿಸುತ್ತದೆ. ನಾಯಿಗಳ ಪಾರ್ವೋ 1978ರ ಸುಮಾರಿಗೆ ಮೊದಲು ಗುರುತಿಸಲ್ಪಟ್ಟ ಕಾಯಿಲೆ. ಬೆಕ್ಕುಗಳ ವೈರಸ್ಸಿನ ಸಂಬಂಧಿ, ಎರಡೇ ವರ್ಷದಲ್ಲಿ ಜಗತ್ತನ್ನು ಸುತ್ತಿತು. ನಾಟಿ ನಾಯಿಯ ಪೂರ್ವಜರು ಅದನ್ನು ಕಂಡೇ ಇರಲಿಲ್ಲ. ಬೀದಿಯಲ್ಲಿ ಉಳಿದಿರುವ ನಾಯಿಗಳನ್ನು ನೋಡಿ ಅವೆಲ್ಲ ಗಟ್ಟಿ ಎನ್ನುತ್ತೇವೆ. ಸತ್ತ ಮರಿಗಳನ್ನು ಯಾರೂ ಎಣಿಸಿಟ್ಟಿಲ್ಲ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನಾಯಿಲ್ ಹಾಕಿ ಒರೆಸಿದರೆ ಹೋಗುತ್ತದೆಂಬ ನಂಬಿಕೆ ಬೇಡ, ಬ್ಲೀಚಿಂಗ್ ಬೇಕು.

ಇನ್ನು ಫ್ರಿಜ್ಜಿನ ವಿಚಾರ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕೆಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಎಲ್ಲ ಲಸಿಕೆಗೂ ಒಂದೇ ಶತ್ರು ಅಲ್ಲ ಎಂಬುದು. ಡಿಸ್ಟೆಂಪರ್ (ನಾಯಿಗಳ ಇನ್ನೊಂದು ವೈರಸ್ ರೋಗ), ಪಾರ್ವೋ ಲಸಿಕೆಗಳಲ್ಲಿರುವುದು ಜೀವಂತ ವೈರಸ್, ಒಣಗಿಸಿದ ಬಿಳಿ ಬಿಲ್ಲೆ. ಬಿಸಿ ತಾಗಿದರೆ ಸಾಯುತ್ತದೆ, ಕಲಸಿದ ಮೇಲೆ ಬೇಗ ಚುಚ್ಚದಿದ್ದರೂ ಸಾಯುತ್ತದೆ. ಸ್ಪಿರಿಟ್ಟಿನಲ್ಲಿ ತೊಳೆದ ಸಿರಿಂಜಿನಲ್ಲಿಯೂ ಸಾಯಬಹುದು. ಕಲಸಲು ಕೊಟ್ಟ ದ್ರವವನ್ನು ಬರೀ ನೀರೆಂದು ತಿಳಿಯುವವರಿದ್ದಾರೆ. ಅನೇಕ ಲಸಿಕೆಗಳಲ್ಲಿ ಇಲಿಜ್ವರದ ಭಾಗ ಇರುವುದೇ ಆ ದ್ರವದಲ್ಲಿ. ರೇಬಿಸ್ ಲಸಿಕೆ ಇದಕ್ಕೆ ಉಲ್ಟಾ. ಅದು ಸತ್ತ ವೈರಸ್, ಸೆಕೆಯನ್ನು ತಕ್ಕಮಟ್ಟಿಗೆ ತಾಳುತ್ತದೆ. ತಾಂಜಾನಿಯಾದಲ್ಲಿ ಒಂದು ಕಂಪನಿಯ ರೇಬಿಸ್ ಲಸಿಕೆಯನ್ನು 25 ಡಿಗ್ರಿಯಲ್ಲಿ ಆರು ತಿಂಗಳು ಇಟ್ಟು ನಾಯಿಗಳಿಗೆ ಹಾಕಿದಾಗಲೂ ಕೆಲಸ ಮಾಡಿತ್ತು. ಅದನ್ನು ಕೆಡಿಸುವುದು ಹಿಮ. ಅದರೊಳಗಿನ ಅಲ್ಯೂಮಿನಿಯಂ ಲವಣ ಹೆಪ್ಪುಗಟ್ಟಿದರೆ ಗಂಟುಗಂಟಾಗಿ ಮತ್ತೆ ಹರಡುವುದೇ ಇಲ್ಲ. ಸುರಕ್ಷಿತವಾಗಿರಲಿ ಎಂದು ಫ್ರೀಜರಿನಲ್ಲಿ ಇಡುವ ಅತಿ ಜಾಗರೂಕರು ಹಾಳುಮಾಡುವುದು ಇದನ್ನೇ.

ರೇಬಿಸ್ ಎಂದಾಗ ಸ್ವಲ್ಪ ಹಿಂದಕ್ಕೆ ಹೋಗಬೇಕು. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಹಾಕಿಸಿದ ಕತೆ ಶಾಲೆಯಲ್ಲೇ ಓದಿದ್ದೇವೆ. ನಮ್ಮ ದೇಶದಲ್ಲಿ ಆ ಲಸಿಕೆ ಕೊಡುವ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ದೂರದ ಕಸೌಲಿಯಲ್ಲಿ ಶುರುವಾಯಿತು. ದಕ್ಷಿಣದಲ್ಲಿ ಹುಚ್ಚುನಾಯಿ ಕಚ್ಚಿದವರು ರೈಲು ಹತ್ತಿ ಹಿಮಾಲಯದ ತಪ್ಪಲಿಗೆ ಹೋಗಬೇಕಿತ್ತು. 1907ರಲ್ಲಿ ಕೂನೂರಿನಲ್ಲೊಂದು ಬಂದ ಮೇಲೆ ಆ ಪಾಡು ತಪ್ಪಿತು. ಕಸೌಲಿಯಲ್ಲೇ ಡೇವಿಡ್ ಸೆಂಪಲ್ 1911ರಲ್ಲಿ ಕುರಿಯ ಮೆದುಳಿನಂಥ ನರದ ಅಂಗಾಂಶದಿಂದ ಮಾಡುವ ಲಸಿಕೆಯನ್ನು ರೂಪಿಸಿದರು. ನಮ್ಮ ಹಿರಿಯರು ಹೇಳುವ ‘ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್’ ಇದೇ. ಅದು ನಿಂತು ಎರಡು ದಶಕವೇ ಆಯಿತು. ಆದರೆ ಅದರ ಭಯ ಇನ್ನೂ ನಿಂತಿಲ್ಲ, ಕಚ್ಚಿಸಿಕೊಂಡವರನ್ನು ಇವತ್ತಿಗೂ ಖಾರದ ಪುಡಿ, ಸುಣ್ಣ, ಮಂತ್ರದ ಕಡೆಗೆ ಓಡಿಸುತ್ತದೆ.

ನನಗೆ ಹೆಚ್ಚು ಇಷ್ಟವಾಗುವುದು ಇನ್ನೊಂದು ಎಳೆ. ಮನುಷ್ಯರಿಗಲ್ಲ, ನಾಯಿಗೇ ಹಾಕಿದರೆ ಹೇಗೆ ಎಂದು ಜಪಾನಿನ ವಿಜ್ಞಾನಿಗಳಾದ ಉಮೆನೊ ಮತ್ತು ದೋಯಿ ಯೋಚಿಸಿದರು, 1921ರಲ್ಲಿ ಒಂದೇ ಸಲ ಚುಚ್ಚುವ ಲಸಿಕೆಯ ಬಗ್ಗೆ ಬರೆದರು. 1957ರ ಹೊತ್ತಿಗೆ ಜಪಾನಿನಲ್ಲಿ ರೇಬಿಸ್ ಇಲ್ಲವಾಯಿತು. ನಮ್ಮ ಪಕ್ಕದ ಗೋವಾದಲ್ಲಿ ಅದೇ ದಾರಿ ಹಿಡಿದು, ತಂಡಗಳು ಬೀದಿ ಬೀದಿ, ಮನೆ ಮನೆ ಸುತ್ತಿ ನಾಯಿಗಳಿಗೆ ಲಸಿಕೆ ಹಾಕಿ ರೋಗವನ್ನು ಹಿಡಿತಕ್ಕೆ ತಂದಿವೆ. ಗಮನಿಸಿ, ಅವು ಯಾವ ನಾಯಿಯನ್ನೂ ಆಸ್ಪತ್ರೆಗೆ ಕರೆತರಲಿಲ್ಲ. ಹಾಗಾಗಿ ಮನೆಯೋ ಆಸ್ಪತ್ರೆಯೋ ಎಂಬ ಜಗಳದಲ್ಲಿ ಕಟ್ಟಡಕ್ಕೆ ಮಹತ್ವ ಕಡಿಮೆ. ತಂಪು ಡಬ್ಬಿ ಹಿಡಿದು ಪಶುವೈದ್ಯರೇ ಮನೆಗೆ ಬಂದರೆ ಧಾರಾಳವಾಗಿ ಹಾಕಿಸಿಕೊಳ್ಳಿ. ಪಾರ್ವೋ ಮರಿಗಳು ಮಲಗಿರುವ ಆಸ್ಪತ್ರೆಯ ಬೆಂಚಿಗಿಂತ ಎಳೆಯ ಮರಿಗೆ ಅದು ಒಳ್ಳೆಯದೂ ಹೌದು.

ಬಂದವರ ಚೀಲದಲ್ಲಿ ತೀವ್ರ ಅಲರ್ಜಿಗೆ ತಕ್ಷಣ ಕೊಡುವ ಅಡ್ರಿನಲಿನ್ ಇರಬೇಕು. ಅಮೆರಿಕದಲ್ಲಿ 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ಜಾಲಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಸಿಕೆಯ ಬಳಿಕ ಮೂರು ದಿನದೊಳಗೆ ಯಾವುದಾದರೂ ತೊಂದರೆ ಕಂಡದ್ದು 10 ಸಾವಿರಕ್ಕೆ ಸುಮಾರು 38 ನಾಯಿಗಳಲ್ಲಿ. ಚಿಕ್ಕ ತಳಿಗಳಲ್ಲಿ, ಒಂದೇ ದಿನ ಹಲವು ಲಸಿಕೆ ಹಾಕಿಸಿಕೊಂಡವುಗಳಲ್ಲಿ ಹೆಚ್ಚು. ಬಹುತೇಕ ಮುಖ ಊದಿಕೊಳ್ಳುವುದು, ತುರಿಕೆಯಷ್ಟೇ. ಆದರೆ ಅಪರೂಪಕ್ಕೊಮ್ಮೆ ಕೆಲವೇ ನಿಮಿಷದಲ್ಲಿ ವಾಂತಿ, ಭೇದಿ, ವಸಡು ಬಿಳುಪಾಗಿ ಕುಸಿದು ಬೀಳುವುದು ಆಗುತ್ತದೆ. ಆಗ ಫೋನು ಹುಡುಕುವಷ್ಟು ಸಮಯ ಇರುವುದಿಲ್ಲ. ಕಾಗದಪತ್ರದ ಮಾತೂ ಇದೆ: 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಲಸಿಕೆಯ ಪ್ರಮಾಣಪತ್ರಕ್ಕೆ ನೋಂದಾಯಿತ ಪಶುವೈದ್ಯರ ಸಹಿಯೇ ಬೇಕು. ನೀವೇ ಚುಚ್ಚಿದ ರೇಬಿಸ್ ಲಸಿಕೆ ಎಷ್ಟೇ ಚೆನ್ನಾಗಿ ಹತ್ತಿದ್ದರೂ ನಾಯಿ ಯಾರಿಗಾದರೂ ಕಚ್ಚಿದ ದಿನ ಅದು ಲೆಕ್ಕಕ್ಕೆ ಬರುವುದಿಲ್ಲ. ವಿಶ್ವ ರೇಬಿಸ್ ದಿನವಾದ ಸೆಪ್ಟೆಂಬರ್ 28ರ ಆಸುಪಾಸಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳು ಉಚಿತ ಶಿಬಿರ ನಡೆಸುತ್ತವೆ. ದುಡ್ಡಿನ ನೆಪವೂ ಅಲ್ಲಿಗೆ ಮುಗಿಯಿತು.

ಈಗ ಹುಳುವಿಗೆ ಬರೋಣ. ‘ಬೆಲ್ಲ ತಿಂದ್ರೆ ಹುಳ ಆಗುತ್ತೆ’ ಎಂಬುದು ಮಕ್ಕಳಿಗೂ ನಾಯಿಗೂ ಸಮಾನವಾಗಿ ಹೇಳುವ ಸುಳ್ಳು. ನಾಯಿಯ ದುಂಡುಹುಳು ಬರುವುದು ಹೆಚ್ಚಾಗಿ ತಾಯಿಯಿಂದ. ಅದರ ಮರಿಹುಳುಗಳು ಹೆಣ್ಣುನಾಯಿಯ ಮಾಂಸಖಂಡಗಳಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿದ್ದು, ಗರ್ಭ ಆರು ವಾರ ತುಂಬುವಾಗ ಎದ್ದು ಮಾಸುವಿನ ಮೂಲಕ ಮರಿಗಳೊಳಗೆ ಇಳಿಯುತ್ತವೆ. ಮಲಗಿದ ಹುಳುಗಳನ್ನು ಮಾಮೂಲಿ ಮಾತ್ರೆ ಮುಟ್ಟುವುದಿಲ್ಲ. ಆದ್ದರಿಂದ ತಾಯಿಗೆ ತಪ್ಪದೆ ಮಾತ್ರೆ ಕೊಟ್ಟಿದ್ದರೂ ಮರಿಗಳು ಹುಳು ಹೊತ್ತೇ ಹುಟ್ಟಬಹುದು. ಎರಡು ವಾರದ ಮರಿಯಿಂದಲೇ ಔಷಧ ಶುರು ಮಾಡಿ, ಎಂಟು ವಾರದ ತನಕ ಎರಡು ವಾರಕ್ಕೊಮ್ಮೆ ಕೊಡಬೇಕೆನ್ನುವುದು ಇದಕ್ಕೇ. ಇದನ್ನೆಲ್ಲ ಮನೆಯಲ್ಲೇ ಮಾಡಬಹುದು. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ, ಚೀಟಿಯ ಮೇಲಿನ ಪ್ರಮಾಣ ನೋಡಿ ಕೊಡಿ.

ಜಂತುಹುಳು ಮಾತ್ರೆಗಳಲ್ಲಿರುವ ಔಷಧಗಳಲ್ಲಿ ಪೈರಾಂಟೆಲ್ ಹುಳುವಿನ ಸ್ನಾಯುಗಳನ್ನು ಸೆಟೆಸಿ ಹಿಡಿತ ತಪ್ಪಿಸುತ್ತದೆ, ಹಾಗಾಗಿ ದುಂಡುಹುಳು ಮಲದಲ್ಲಿ ಇಡಿಯಾಗಿ ಬೀಳುತ್ತದೆ. ಪ್ರಾಜಿಕ್ವಾಂಟೆಲ್ ಲಾಡಿಹುಳುವಿನ ಹೊರಪದರವನ್ನೇ ಕೆಡಿಸುತ್ತದೆ, ಆಮೇಲೆ ಅದು ಕರುಳಲ್ಲೇ ಜೀರ್ಣವಾಗಿ ಹೋಗುತ್ತದೆ. ‘ಏನೂ ಬೀಳಲಿಲ್ಲ, ಮಾತ್ರೆ ಡೂಪ್ಲಿಕೇಟು’ ಎಂದು ಮತ್ತೊಂದು ಕೊಡಬೇಡಿ. ಮಲದ ಸುತ್ತ ಅಕ್ಕಿಕಾಳಿನಂಥ ಲಾಡಿಹುಳುವಿನ ತುಂಡುಗಳು ಮತ್ತೆ ಮತ್ತೆ ಕಂಡರೆ ತಪ್ಪು ಮಾತ್ರೆಯದ್ದಲ್ಲ, ಚಿಗಟದ್ದು. ಆ ಲಾಡಿಹುಳು ಹರಡುವುದೇ ನಾಯಿ ಚಿಗಟ ನುಂಗುವುದರಿಂದ.

ಮನೆಯಲ್ಲಿ ಮಾಡಬಾರದ ಒಂದು ಕೆಲಸ ಹಳ್ಳಿಗಳಲ್ಲಿ ಮಾಮೂಲಿ: ದನದ ಹುಳುವಿಗೆಂದು ತಂದ ಐವರ್‌ಮೆಕ್ಟಿನ್ ಇಂಜೆಕ್ಷನ್ನಿನಲ್ಲಿ ಉಳಿದದ್ದನ್ನು ನಾಯಿಗೆ ಚುಚ್ಚುವುದು. ಅದರ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ ಔಷಧ, 50 ಕಿಲೋ ಕರುವಿಗೆ ಆಗುವಷ್ಟು. ಹತ್ತು ಕಿಲೋ ನಾಯಿಗೆ ಅದು ಐದು ಪಟ್ಟು. ಕಾಲಿಯಂಥ ತಳಿಗಳಲ್ಲಿ ಔಷಧ ಮೆದುಳಿಗೆ ಹೋಗದಂತೆ ತಡೆಯುವ ಜೀನ್ ಕೆಟ್ಟಿರುತ್ತದೆಂದು 2001ರಲ್ಲಿ ಪತ್ತೆಯಾಯಿತು. ಅವಕ್ಕೆ ಇದರ ಹತ್ತನೇ ಒಂದು ಭಾಗವೂ ವಿಷ. ಶಾಲೆಯಲ್ಲಿ ಮಕ್ಕಳಿಗೆ ಕೊಟ್ಟ ಆಲ್ಬೆಂಡಜೋಲ್ ಮಾತ್ರೆಯೂ ಬೇಡ, ನಾಯಿಯ ಮೂಳೆಮಜ್ಜೆಗೆ ಅದು ಒಗ್ಗದಿರಬಹುದು. ಬೆಳ್ಳುಳ್ಳಿ ಅರೆದು ಕೊಡುವುದು ನಾಟಿ ಔಷಧವೆನಿಸಿದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಈ ಹುಳುಗಳು ನಾಯಿಯಲ್ಲೇ ಉಳಿಯುವುದಿಲ್ಲ ಎಂಬುದಕ್ಕೆ 1950ರಲ್ಲಿ ಅಮೆರಿಕದ ಹೆಲೆನಾರ್ ವೈಲ್ಡರ್ ಸಾಕ್ಷಿ ಒದಗಿಸಿದರು. ಕ್ಯಾನ್ಸರಿನಂಥ ಗುಮಾನಿಯಿಂದ ತೆಗೆದುಹಾಕಿದ್ದ ಮಕ್ಕಳ 46 ಕಣ್ಣುಗಳನ್ನು ಪರೀಕ್ಷಿಸಿದಾಗ 24ರಲ್ಲಿ ಹುಳುವಿನ ಕುರುಹು ಸಿಕ್ಕಿತು. ಅದು ನಾಯಿಯ ದುಂಡುಹುಳುವೆಂದು ಆಮೇಲೆ ಗೊತ್ತಾಯಿತು.

ಕುರಿ ಕಾಯುವವರ ನಾಯಿಗಳಿಗೆ ಇನ್ನೊಂದು ಗಂಡಾಂತರ. ಕುರಿ ಕಡಿದಾಗ ಪಿತ್ತಜನಕಾಂಗ, ಶ್ವಾಸಕೋಶದಲ್ಲಿ ನೀರುಗುಳ್ಳೆ ಕಂಡರೆ ಅದನ್ನು ಕೊಯ್ದು ನಾಯಿಗೆ ಎಸೆಯುತ್ತಾರೆ. ಆ ಗುಳ್ಳೆಯೊಳಗೆ ಅಕ್ಕಿಕಾಳಿಗಿಂತ ದೊಡ್ಡದಾಗದ ಒಂದು ಲಾಡಿಹುಳುವಿನ ಸಾವಿರಾರು ತಲೆಗಳಿರುತ್ತವೆ. ಆರೇಳು ವಾರದಲ್ಲಿ ನಾಯಿಯ ಮಲದಲ್ಲಿ ಮೊಟ್ಟೆ ಬರಲಾರಂಭಿಸುತ್ತದೆ, ಅದು ಕೈಗೆ ಹತ್ತಿ ಬಾಯಿಗೆ ಹೋದರೆ ಮನುಷ್ಯನ ಪಿತ್ತಜನಕಾಂಗದಲ್ಲಿ ಅಂಥದ್ದೇ ಗುಳ್ಳೆ ಬೆಳೆಯುತ್ತದೆ. ಮರಿಗಳಿಗೆ ಕೊಡುವ ಸಿರಪ್ಪುಗಳಲ್ಲಿ ಸಾಮಾನ್ಯವಾಗಿ ಪ್ರಾಜಿಕ್ವಾಂಟೆಲ್ ಇರುವುದಿಲ್ಲ, ಇಂಥ ನಾಯಿಗೆ ಅದಿರುವ ಮಾತ್ರೆಯನ್ನೇ ಕೇಳಿ ತನ್ನಿ, ಬೇರೆ ದೊಡ್ಡ ನಾಯಿಗಳಿಗೆ ಕೊಡುವಂತೆ ಮೂರು ತಿಂಗಳಿಗಲ್ಲ, ಆರು ವಾರಕ್ಕೊಮ್ಮೆ ಕೊಡಿ. ಗುಳ್ಳೆಯಿರುವ ಅಂಗವನ್ನು ನಾಯಿ ಕೆದರದಷ್ಟು ಆಳಕ್ಕೆ ಹೂಳಿ, ಇಲ್ಲವೇ ಅರ್ಧ ಗಂಟೆ ಚೆನ್ನಾಗಿ ಕುದಿಸಿ ಹಾಕಿ.