ಯುಪಿಎಸ್‌ಸಿ ಪ್ರಬಂಧ ಪತ್ರಿಕೆ: ಕನ್ನಡದಲ್ಲಿ ಬರೆಯುವವರಿಗೆ ಕೆಲವು ಟಿಪ್ಪಣಿ

ಮೊದಲು ಲೆಕ್ಕ ನೋಡೋಣ. ನಾಗರಿಕ ಸೇವಾ ಪರೀಕ್ಷೆಯ ಮೇನ್ಸ್‌ನಲ್ಲಿ, ಅಂದ್ರೆ ಮುಖ್ಯ ಲಿಖಿತ ಹಂತದಲ್ಲಿ, ಪ್ರಬಂಧ ಪತ್ರಿಕೆ 250 ಅಂಕದ್ದು, ಸಮಯ 3 ಗಂಟೆ. ಎರಡು ವಿಭಾಗ, ಒಂದೊಂದರಲ್ಲಿ ನಾಲ್ಕು ವಿಷಯ. ಪ್ರತಿ ವಿಭಾಗದಿಂದ ಒಂದನ್ನು ಆರಿಸಿ 1000ದಿಂದ 1200 ಪದ ಬರೆಯಬೇಕು. ಅಂದ್ರೆ ಒಂದು ಪ್ರಬಂಧಕ್ಕೆ 90 ನಿಮಿಷ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕೆಲಸ ಇದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ವಿಷಯವನ್ನು ಕನ್ನಡಕ್ಕೆ ತಂದುಕೊಳ್ಳುವುದು ನಮ್ಮ ಪಾಲಿನದು. ಅಲ್ಲೇ ಎಡವಿದರೆ ಮುಂದೆ ಎಷ್ಟು ಚೆನ್ನಾಗಿ ಬರೆದರೂ ಅದು ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಆಗುತ್ತದೆ.

2024ರ ಒಂದು ವಿಷಯ ತಗೊಳ್ಳಿ. ನಾಗರಿಕತೆಗಳಿಗೆ ಮುಂಚೆ ಕಾಡು ಇರುತ್ತದೆ, ಅವುಗಳ ಬೆನ್ನಿಗೆ ಮರುಭೂಮಿ ಬರುತ್ತದೆ ಎನ್ನುವುದು ಅದರ ತಿರುಳು. ಅಭ್ಯಾಸಕ್ಕೆ ಬರೆಯುವಾಗ ನಾನು ಇದನ್ನು 'ಕಾಡು ಉಳಿಸಿ' ಅಂತ ಓದಿಕೊಂಡು ಆರು ಪುಟ ತುಂಬಿಸಿದ್ದೆ. ಆಮೇಲೆ ಮತ್ತೆ ಓದಿದಾಗ ಹೊಳೆಯಿತು, ಕಾಡು ಉಳಿಸಿ ಅಂತ ಇಲ್ಲಿ ಯಾರೂ ಹೇಳಿಲ್ಲ. 'ಹೀಗೇ ಆಗುತ್ತದೆ' ಅಂತ ಹೇಳಿದ್ದಾರೆ. ಹಾಗಾದರೆ ನಾವು ಕೇಳಬೇಕಾದ್ದು, ಯಾವಾಗಲೂ ಹೀಗೇ ಆಗುತ್ತದಾ?

ಈ ಒಂದು ಪ್ರಶ್ನೆ ಹಿಡಿದು ಹೊರಟರೆ ದಾರಿ ತಾನಾಗಿ ತೆರೆಯುತ್ತದೆ. ಹೌದು ಅನ್ನುವುದಕ್ಕೆ ದಕ್ಷಿಣ ಮೆಸೊಪೊಟೇಮಿಯಾ (ಇಂದಿನ ಇರಾಕ್‌ನ ದಕ್ಷಿಣ ಭಾಗ) ಇದೆ: ನೀರು ಹಾಯಿಸಿ ಹಾಯಿಸಿ ಹೊಲಕ್ಕೆ ಉಪ್ಪು ಏರಿತು, ಗೋಧಿ ಹಿಂದೆ ಸರಿಯಿತು, ಉಪ್ಪು ತಡೆಯುವ ಬಾರ್ಲಿ ಬಂತು. ಅಲ್ಲ ಅನ್ನುವುದಕ್ಕೆ ಈಜಿಪ್ಟ್ ಇದೆ. ಸಹಾರಾ ಒಣಗುತ್ತಾ ಹೋದಂತೆ ಜನ ನೈಲ್ ದಂಡೆಗೆ ಬಂದು ಸೇರಿದರು, ಅಲ್ಲಿ ಮರುಭೂಮಿಯೇ ಮೊದಲು, ನಾಗರಿಕತೆ ಆಮೇಲೆ! ನಮ್ಮಲ್ಲೇ ನೋಡಿದರೆ ದೇವರ ಹೆಸರಲ್ಲಿ ಜನ ಉಳಿಸಿಕೊಂಡ ಕೊಡಗಿನ ದೇವರಕಾಡುಗಳಿವೆ, 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರ ತಬ್ಬಿ ನಿಂತ ಅಪ್ಪಿಕೋ ಚಳವಳಿ ಇದೆ. ಆದರೆ ಅಪ್ಪಿಕೋವನ್ನು ಅಲಂಕಾರಕ್ಕೆ ಸುಮ್ನೆ ಹೆಸರಿಸಿ ಬಿಡಬೇಡಿ. ಅಲ್ಲಿ ಮರ ಕಡಿಯಲು ಅನುಮತಿ ಕೊಟ್ಟಿದ್ದು ಸರ್ಕಾರ, ತಡೆದದ್ದು ಊರಿನವರು. ಆ ವಿವರದಿಂದಲೇ ನನ್ನ ನಿಲುವು ಹುಟ್ಟಿತು: 'ಕಾಡಿನ ತೀರ್ಮಾನ ಕಾಡಿನ ಪಕ್ಕದಲ್ಲಿ ಬದುಕುವವರ ಕೈತಪ್ಪಿದಾಗ ಮರುಭೂಮಿ ಹತ್ತಿರವಾಗುತ್ತದೆ.' ಇಂಥ ಒಂದು ವಾಕ್ಯ ಕೈಗೆ ಸಿಗುವ ತನಕ ಪ್ರಬಂಧ ಶುರು ಮಾಡಬೇಡಿ.

ಎದುರು ವಾದಕ್ಕೆ ಕೊನೆಯಲ್ಲಿ ಎರಡು ಸಾಲು ಅಂಟಿಸುವುದು ತುಂಬಾ ಜನರ ಅಭ್ಯಾಸ. ನನಗೆ ಅದು ಸರಿ ಅನಿಸುವುದಿಲ್ಲ. ಈಜಿಪ್ಟ್‌ನಂಥ ಗಟ್ಟಿ ಉದಾಹರಣೆಯನ್ನು ಮಧ್ಯದಲ್ಲೇ ತನ್ನಿ, ಅದರಿಂದ ನಿಮ್ಮ ನಿಲುವು ಎಲ್ಲಿ ಸ್ವಲ್ಪ ಬದಲಾಯಿತು ಅಂತ ಬಿಚ್ಚಿ ಹೇಳಿ. ನೀವು ಯೋಚನೆ ಮಾಡಿದ್ದು ಓದುವವರಿಗೆ ಕಾಣುವುದು ಅಲ್ಲೇ ಅಲ್ವಾ?

ಈಗ ಗಡಿಯಾರ. ನಾನು 90 ನಿಮಿಷವನ್ನು ಹೀಗೆ ಹಂಚುತ್ತೇನೆ: ವಿಷಯ ಆರಿಸಿ, ಕನ್ನಡಕ್ಕೆ ತಂದು, ಟಿಪ್ಪಣಿ ಹಾಕಲು 20, ಬರೆಯಲು 65, ಮತ್ತೆ ಓದಲು 5. 65 ನಿಮಿಷದಲ್ಲಿ 1000 ಪದ ಅಂದ್ರೆ ನಿಮಿಷಕ್ಕೆ 15ಕ್ಕಿಂತ ಜಾಸ್ತಿ. ಕನ್ನಡದಲ್ಲಿ 'ಬರೆಯಬೇಕಾಗಿದ್ದರೂ' ಅನ್ನುವುದು ಒಂದೇ ಪದ, ಇಂಗ್ಲಿಷ್‌ನವರ ವೇಗದ ಲೆಕ್ಕ ನಮಗೆ ಹೊಂದುವುದಿಲ್ಲ. ಹತ್ತು ನಿಮಿಷ ಬಿಡದೆ ಬರೆದು ಪದ ಎಣಿಸಿ ನೋಡಿ. 150 ಬಂದರೂ ಇನ್ನೂ ಸ್ವಲ್ಪ ಕಡಿಮೆ, ಕೈ ಪಳಗಬೇಕು. ಮೊಬೈಲಿನಲ್ಲಿ ಟೈಪ್ ಮಾಡಿ ಅಭ್ಯಾಸ ಮಾಡಿದರೆ ಇದು ತಿಳಿಯುವುದೇ ಇಲ್ಲ.

ಮೊದಲ ಪ್ರಬಂಧ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ 90 ಆದ ಕೂಡಲೇ ಕೊನೆಯ ಪ್ಯಾರಾ ಮುಗಿಸಿ ಎರಡನೆಯದಕ್ಕೆ ಹೋಗಿ. ಒಮ್ಮೆ ನಾನು ಮೊದಲನೆಯದಕ್ಕೇ ಎರಡು ಗಂಟೆ ಸುರಿದೆ, ಎರಡನೆಯದು ಪೀಠಿಕೆ ದಾಟಿ ಒಂದೂವರೆ ಪುಟಕ್ಕೆ ನಿಂತುಹೋಯಿತು. ಎರಡಕ್ಕೂ ಇರುವುದು ತಲಾ 125 ಅಂಕ.

ವಾರಕ್ಕೊಂದು ಪೂರ್ತಿ ಪ್ರಬಂಧ ಸಾಕು. ಉಳಿದ ದಿನ ಹಳೇ ಪ್ರಶ್ನೆಪತ್ರಿಕೆಯಿಂದ ಒಂದು ವಿಷಯ ತೆಗೆದು, ಅರ್ಧ ಹಾಳೆಯಲ್ಲಿ ಅದರ ಕನ್ನಡ, ಒಂದು ಹೌದು, ಒಂದು ಅಲ್ಲ, ನಿಮ್ಮ ನಿಲುವಿನ ಒಂದು ವಾಕ್ಯ, ಇಷ್ಟು ಮಾತ್ರ ಬರೆಯಿರಿ.