ರಸೀದಿ ಬರೆದವಳ ಹೆಗಲಿಗೆ ಬಿದ್ದ ಹಗರಣ

ಠೇವಣಿ ಕಂಪನಿಯೊಂದು ಬಾಗಿಲು ಹಾಕಿದಾಗ ಹಾಸನದ ಬಡಾವಣೆಗಳಲ್ಲಿ ಜನ ಮೊದಲು ಹುಡುಕಿಕೊಂಡು ಹೋಗುವುದು ಎಲ್ಲೋ ಇರುವ ನಿರ್ದೇಶಕರನ್ನಲ್ಲ. ತಮ್ಮದೇ ಬೀದಿಯಲ್ಲಿ ತಿಂಗಳು ತಿಂಗಳೂ ಕಂತು ಪಡೆದು ರಸೀದಿ ಹರಿದುಕೊಟ್ಟ ಹೆಣ್ಣುಮಗಳನ್ನು. ಮಕ್ಕಳ ಶಾಲಾ ಶುಲ್ಕಕ್ಕಾದರೂ ಆದೀತೆಂದು ಕಮಿಷನ್ ಕೆಲಸ ಹಿಡಿದ ತಾಯಂದಿರು ಸಾವಿರಾರು ಕೋಟಿ ರೂಪಾಯಿಗಳ ಹಗರಣದಲ್ಲಿ ಸಿಲುಕಿದ್ದಕ್ಕೆ ಅವರ ಆಸೆಗಿಂತ ಕಾನೂನಿನ ನಿಧಾನವೇ ದೊಡ್ಡ ಕಾರಣ.

ಮನೆ ಬಾಗಿಲಲ್ಲಿ ಉಳಿತಾಯ ಸಂಗ್ರಹಿಸುವ ಪದ್ಧತಿ ನಮಗೆ ಹೊಸದಲ್ಲ. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಗೆ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಪಿಗ್ಮಿ ಸಂಗ್ರಾಹಕರು ಕಾರ್ಮಿಕರೇ ಹೌದು, ಆದರೆ ಬ್ಯಾಂಕಿನ ಕಾಯಂ ನೌಕರರಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಆದರೂ ಅವರ ಬೆನ್ನಿಗೆ ಒಂದು ಬ್ಯಾಂಕ್ ಇತ್ತು. ಖಾಸಗಿ ಠೇವಣಿ ಕಂಪನಿಗಳು ಪಾಸ್‌ಬುಕ್, ರಸೀದಿ, ಪರಿಚಿತ ಮುಖ ಎಲ್ಲವನ್ನೂ ಎರವಲು ಪಡೆದವು, ಆ ಬೆನ್ನಾಸರೆಯೊಂದನ್ನು ಬಿಟ್ಟು.

ಜಮೀನಿನ ಹೆಸರಿನಲ್ಲಿ ಹಣ ಎತ್ತಿದ ಪಿಎಸಿಎಲ್ ಕಂಪನಿಯ ಕಥೆಯಲ್ಲಿ ಇದು ಢಾಳಾಗಿ ಕಾಣುತ್ತದೆ. 1999ರಲ್ಲೇ ಷೇರು ಮಾರುಕಟ್ಟೆ ಮತ್ತು ಹೂಡಿಕೆ ಯೋಜನೆಗಳ ನಿಯಂತ್ರಕ ಸಂಸ್ಥೆಯಾದ ಸೆಬಿ ನೋಟಿಸ್ ಕೊಟ್ಟಿತ್ತು. 2003ರಲ್ಲಿ ರಾಜಸ್ಥಾನ ಹೈಕೋರ್ಟ್ ಕಂಪನಿಯ ಪರ ತೀರ್ಪಿತ್ತಿತು. ಅದನ್ನು ಸುಪ್ರೀಂ ಕೋರ್ಟ್ ಬದಿಗಿರಿಸಿದ್ದು 2013ರಲ್ಲಿ. ಸುಮಾರು 5.85 ಕೋಟಿ ಜನರಿಂದ ಸಂಗ್ರಹಿಸಿದ 49,100 ಕೋಟಿ ರೂಪಾಯಿಗಳನ್ನು ಹಿಂದಿರುಗಿಸುವಂತೆ ಸೆಬಿ ಆದೇಶಿಸುವ ಹೊತ್ತಿಗೆ 2014ರ ಆಗಸ್ಟ್ ಬಂದಿತ್ತು. ನ್ಯಾಯಾಲಯಗಳೇ ಒಂದು ನಿಲುವಿಗೆ ಬರಲು ಇಷ್ಟು ವರ್ಷ ಹಿಡಿದಿರುವಾಗ, ಹತ್ತನೇ ತರಗತಿ ಓದಿದ ಏಜೆಂಟ್ ಮೊದಲೇ ತಿಳಿದುಕೊಳ್ಳಬೇಕಿತ್ತು ಎನ್ನುವುದು ನ್ಯಾಯವಾಗಿ ತೋರುವುದಿಲ್ಲ.

ಇಂಥ ಏಜೆನ್ಸಿ ಬೆಳೆಯುವುದು ನೆಂಟಸ್ತಿಕೆಯ ಜಾಡಿನಲ್ಲಿ. ಮೊದಲ ಖಾತೆ ನಾದಿನಿಯದು, ಎರಡನೆಯದು ಚಿಕ್ಕಮ್ಮನದು. ಆಮೇಲೆ ಓಣಿಯವರು, ಗಾರ್ಮೆಂಟ್ಸಿಗೆ ಹೋಗುವ ಗೆಳತಿಯರು, ಸಂಬಳದ ದಿನ ಸಂಜೆ ಸಿಗುವ ತೋಟದ ಆಳುಗಳು. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆ ಊರೂರಿನಲ್ಲಿ ಹೆಂಗಸರ ಉಳಿತಾಯ ಸಂಘಗಳನ್ನು ಕಟ್ಟಿದ್ದರಿಂದ, ವಾರದ ಸಭೆಯಲ್ಲಿ ಕೂತವರಿಗೆ ‘ಐದೂವರೆ ವರ್ಷಕ್ಕೆ ಎಷ್ಟಾಗುತ್ತೆ ನೋಡಿ ಅಕ್ಕ’ ಎಂದು ಚಾರ್ಟ್ ಬಿಡಿಸಿ ತೋರಿಸುವುದೂ ಸುಲಭವಾಯಿತು. ಏಜೆಂಟ್ ತನ್ನ ಮಗಳ ಮದುವೆಯ ಹಣವನ್ನೂ ಅದೇ ಯೋಜನೆಗೆ ಹಾಕಿದ್ದಳೆಂಬುದು ನಂತರ ಯಾರ ಕಣ್ಣಿಗೂ ಬೀಳುವುದಿಲ್ಲ. ಕಂಪನಿ ಕೊಟ್ಟ ಬಾಂಡಿನಲ್ಲಿ ಯಾರ ಸಹಿಯಿದ್ದರೂ ಜನರ ಕೈಯಲ್ಲಿರುವ ರಸೀದಿಯಲ್ಲಿ ಇರುವುದು ಅವಳ ಕೈಬರಹ.

ಕಾಯ್ದೆಗಳಿಗೇನೂ ಬರವಿರಲಿಲ್ಲ. ಹೊಸಬರನ್ನು ಸೇರಿಸಿದಂತೆ ಹಣ ಸಿಗುತ್ತದೆನ್ನುವ ‘ಹಣ ಚಲಾವಣೆ’ ಯೋಜನೆಗಳನ್ನು 1978ರ ಕೇಂದ್ರ ಕಾಯ್ದೆಯೇ ನಿಷೇಧಿಸಿತ್ತು; ಅದರಡಿ ನಡೆಸಿದವರಷ್ಟೇ ಅಲ್ಲ, ಸದಸ್ಯರಾಗಿ ಸೇರಿದವರೂ ತಪ್ಪಿತಸ್ಥರೇ. ಕರ್ನಾಟಕವು 2004ರಲ್ಲಿ ಠೇವಣಿದಾರರ ಹಿತರಕ್ಷಣೆಗೆ ಪ್ರತ್ಯೇಕ ಕಾಯ್ದೆ ಮಾಡಿ, ಆಸ್ತಿ ಜಪ್ತಿಗೂ ವಿಶೇಷ ನ್ಯಾಯಾಲಯಕ್ಕೂ ದಾರಿ ತೆರೆಯಿತು. ಲಾಭದ ಆಸೆ ತೋರಿಸಿ ಜನರ ಹಣ ಪಡೆದ ಬೆಂಗಳೂರಿನ ಐಎಂಎ ಕಂಪನಿಯ ಹಗರಣ ಹೊರಬಿದ್ದ 2019ರಲ್ಲೇ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆಯೂ ಬಂತು. ಸುಳ್ಳೆಂದು ಗೊತ್ತಿದ್ದೂ ಭರವಸೆ ನೀಡಿ ಜನರನ್ನು ಸೇರಿಸಿದವರಿಗೆ ಇದು ಶಿಕ್ಷೆ ವಿಧಿಸುತ್ತದೆ. ಹಾಗಾಗಿ ಏಜೆಂಟಿಗೆ ಏನು ಗೊತ್ತಿತ್ತು ಎಂಬುದೇ ಪ್ರಕರಣದ ತಿರುಳಾಗುತ್ತದೆ. ಹಣವನ್ನು ಕಂಪನಿಗೆ ಕಟ್ಟಿದ ಚಲನ್‌ಗಳನ್ನು ಜೋಪಾನವಾಗಿಟ್ಟವಳಿಗೆ ಹೇಳಿಕೊಳ್ಳಲು ಏನಾದರೂ ಉಳಿದಿರುತ್ತದೆ.

ಪಿಎಸಿಎಲ್ ಆಸ್ತಿಗಳನ್ನು ಮಾರಿ ಹಣ ಹಂಚಲು 2016ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ನೇತೃತ್ವದ ಸಮಿತಿ ರಚನೆಯಾಯಿತು. ಅರ್ಜಿಗಳನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬೇಕಾಗಿತ್ತು. ಮರುಪಾವತಿ ಸಣ್ಣ ಮೊತ್ತಗಳಿಂದ ಶುರುವಾಗಿ, ಮೊದಲು 2,500 ರೂಪಾಯಿವರೆಗಿನವರಿಗೆ, ಬಳಿಕ ಅದಕ್ಕಿಂತ ಹೆಚ್ಚಿನವರಿಗೆ ಎಂದು ಹಂತ ಹಂತವಾಗಿ ನಡೆಯಿತು.