ವಿಮಾನ ದಡ್ ಅಂತ ಇಳಿದರೆ ಪೈಲಟ್ ಸರಿಯಿಲ್ಲ ಅಂತಲಾ?

ಪ್ರಶ್ನೆ: ಸಾರ್, ಹೋದ ವಾರ ಜೋರು ಮಳೆಯಲ್ಲಿ ಬೆಂಗಳೂರಿಗೆ ಬಂದಿಳಿದೆವು. ವಿಮಾನ ದಡ್ ಅಂತ ನೆಲಕ್ಕೆ ಬಡಿಯಿತು. ಪೈಲಟ್‌ಗೆ ಅನುಭವ ಸಾಲದು ಅನ್ನಿಸಿತು. ಇದನ್ನೆಲ್ಲ ಕಂಪನಿಯವರು ಗಮನಿಸುತ್ತಾರಾ? (ಓದುಗರು, ಬನಶಂಕರಿ)

ಗಮನಿಸುತ್ತಾರೆ, ಪ್ರತಿ ಹಾರಾಟವನ್ನೂ. ಅಪಘಾತವಾದ ಮೇಲೆ ಹುಡುಕುವ ಬ್ಲ್ಯಾಕ್ ಬಾಕ್ಸ್ ಬೇರೆ. ದಿನನಿತ್ಯದ ಲೆಕ್ಕಕ್ಕೆ ಕ್ವಿಕ್ ಆಕ್ಸೆಸ್ ರೆಕಾರ್ಡರ್ ಇದೆ. ವೇಗ, ಎತ್ತರ, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಚಾಚುವ ಫಲಕ), ಬ್ರೇಕ್, ನೆಲ ಮುಟ್ಟಿದಾಗಿನ ಹೊಡೆತ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. 27,000 ಕಿಲೋಗಿಂತ ಭಾರದ ವಿಮಾನ ಹಾರಿಸುವ ಕಂಪನಿಗಳಿಗೆ ಈ ದಾಖಲೆಗಳ ವಿಶ್ಲೇಷಣೆ 2005ರಿಂದ ಅಂತರರಾಷ್ಟ್ರೀಯ ಮಾನದಂಡ. ಕಸುಬಿನವರು ಇದನ್ನು ಫೋಕ್ವಾ ಅನ್ನುತ್ತಾರೆ. ಹೊಡೆತ ಮಿತಿ ಮೀರಿದ್ದರೆ ಎಂಜಿನಿಯರ್‌ಗಳು ಪರೀಕ್ಷಿಸದೆ ಆ ವಿಮಾನ ಮತ್ತೆ ಹೊರಡುವಂತಿಲ್ಲ.

ಇನ್ನು ಅನುಭವದ ಮಾತು. ಮೆತ್ತಗೆ ಇಳಿಸಿದವರೇ ಒಳ್ಳೆಯ ಪೈಲಟ್ ಎಂಬ ನಂಬಿಕೆಗೆ ಎಷ್ಟು ಸಲ ಉತ್ತರ ಬರೆದರೂ ಅದು ಜಾಗ ಬಿಟ್ಟು ಕದಲುವುದಿಲ್ಲ. ಇವತ್ತು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ.

ಇಳಿಯುವ ವಿಮಾನದ ವೇಗ ಗಂಟೆಗೆ ಸುಮಾರು 250 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 70 ಮೀಟರ್. ಹೂವಿನ ಹಾಗೆ ಇಳಿಸಬೇಕೆಂದು ಪೈಲಟ್ ಚಕ್ರಗಳನ್ನು ನೆಲಕ್ಕೆ ತಾಗಿಸದೆ ಐದು ಸೆಕೆಂಡ್ ತೇಲಿಸಿದರೆ 350 ಮೀಟರ್ ರನ್‌ವೇ ಹಿಂದೆ ಹೋಯಿತು. ಆ 350 ಮೀಟರ್ ಮತ್ತೆ ಸಿಗುವುದಿಲ್ಲ. ಮಳೆಯಲ್ಲಂತೂ ಮೆತ್ತಗಿನ ಚಕ್ರ ನೀರಿನ ಪದರದ ಮೇಲೇ ಜಾರಬಹುದು. ಗಟ್ಟಿಯಾಗಿ ಊರಿದರೆ ಚಕ್ರ ನೀರನ್ನು ಸೀಳಿ ತಿರುಗತೊಡಗುತ್ತದೆ, ರೆಕ್ಕೆಯ ಮೇಲಿನ ಸ್ಪಾಯ್ಲರ್ ಎಂಬ ಫಲಕಗಳು ಎದ್ದು ನಿಲ್ಲುತ್ತವೆ, ರೆಕ್ಕೆಯ ಎತ್ತುವ ಬಲ ಕುಗ್ಗಿ ವಿಮಾನದ ಭಾರ ಚಕ್ರಕ್ಕೆ ಇಳಿಯುತ್ತದೆ, ಬ್ರೇಕ್ ಹಿಡಿಯುತ್ತದೆ. ನೀವು ಕೇಳಿದ ಆ ದಡ್ ಸದ್ದು ಬಹುತೇಕ ಇದೇ. ಪೈಲಟ್ ಬೇಕೆಂದೇ ಹಾಗೆ ಇಳಿಸಿರುತ್ತಾರೆ.

ಕೆಂಪೇಗೌಡ ನಿಲ್ದಾಣದ ರನ್‌ವೇ 4,000 ಮೀಟರ್ ಉದ್ದ. ಇಲ್ಲಿ ತೇಲಿದ್ದು ಪ್ರಯಾಣಿಕರಿಗೆ ಗೊತ್ತೇ ಆಗುವುದಿಲ್ಲ, ಬದಲಿಗೆ ಖುಷಿಯಾಗುತ್ತದೆ. ಮಂಗಳೂರಿನದು ಗುಡ್ಡದ ಮೇಲಿನ ಸುಮಾರು 2,450 ಮೀಟರ್. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಅಲ್ಲಿ ನೆಲ ಮುಟ್ಟಿದ್ದು ರನ್‌ವೇ ಶುರುವಾಗಿ ಸುಮಾರು 5,200 ಅಡಿ, ಅಂದರೆ 1,600 ಮೀಟರ್ ಆಸುಪಾಸು ದಾಟಿದ ಮೇಲೆ. 166 ಮಂದಿಯಲ್ಲಿ 158 ಜನ ತೀರಿಹೋದರು. ಅವರನ್ನು ಕೊಂದದ್ದು ನೆಲಕ್ಕೆ ಬಡಿದ ಹೊಡೆತವಲ್ಲ, ಮುಂದೆ ಉಳಿಯದೇ ಹೋದ ರನ್‌ವೇ.

ಹಾಗಾಗಿ ವಿಶ್ಲೇಷಕರು ಹೊಡೆತವೊಂದನ್ನೇ ನೋಡುವುದಿಲ್ಲ. ಸಾವಿರ ಅಡಿ ಎತ್ತರದಲ್ಲಿದ್ದಾಗ ವೇಗ ಸರಿ ಇತ್ತೇ, ಚಕ್ರ ಎಲ್ಲಿ ಮುಟ್ಟಿತು, ಎಷ್ಟು ದೂರ ಉಳಿದಿತ್ತು ಎಂದೆಲ್ಲ ಸಾವಿರಾರು ಹಾರಾಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ. ಒಂದೇ ರನ್‌ವೇಯಲ್ಲಿ, ಮಳೆಗಾಲದ ತಿಂಗಳುಗಳಲ್ಲಿ, ಬೇರೆ ಬೇರೆ ಪೈಲಟ್‌ಗಳು ದೂರ ಹೋಗಿ ಇಳಿಯುತ್ತಿದ್ದಾರೆ ಎಂದು ಕಂಡರೆ ಅದು ಒಬ್ಬರ ಕೈಚಳಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅನಾಹುತ ಆಗುವ ಮೊದಲೇ ತರಬೇತಿ ಬದಲಿಸಬಹುದು. ಪೈಲಟ್‌ಗಳ ಹೆಸರು ಮರೆಮಾಡಿ ನೋಡುವುದೂ ಇದಕ್ಕೇ. ಹೊಡೆತದ ಅಂಕಿ ಹಿಡಿದು ಬೈಯತೊಡಗಿದರೆ ಪೈಲಟ್‌ಗಳು ಬೈಗುಳ ತಪ್ಪಿಸಿಕೊಳ್ಳಲು ತೇಲಿಸತೊಡಗುತ್ತಾರೆ. ಆಗ ಅಂಕಿ ಚೆಂದ ಕಾಣುತ್ತದೆ, ಅಪಾಯ ಮಾತ್ರ ಹೆಚ್ಚಾಗಿರುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ಮಂಗಳೂರಿನ ಆ ವಿಮಾನದಲ್ಲಿ ಸಹಪೈಲಟ್ ಗೋ-ಅರೌಂಡ್, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರಿ ಎಂದು ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಇದು ಆ ಒಂದು ಕಾಕ್‌ಪಿಟ್‌ನ ಕಥೆ ಮಾತ್ರವಲ್ಲ. ವೇಗ, ಎತ್ತರ ಹದದಲ್ಲಿಲ್ಲದೆ ಇಳಿಯಲು ಬರುವ ಹಾರಾಟಗಳಲ್ಲಿ ನೂರಕ್ಕೆ ಮೂರರಷ್ಟು ಮಾತ್ರ ಮತ್ತೆ ಮೇಲೇರುತ್ತವೆ ಎಂದು ಫ್ಲೈಟ್ ಸೇಫ್ಟಿ ಫೌಂಡೇಶನ್ ಅಧ್ಯಯನ ಹೇಳಿದೆ. ಉಳಿದವು ಹಾಗೇ ಇಳಿಯುತ್ತವೆ, ಹೆಚ್ಚಿನವು ಕ್ಷೇಮವಾಗಿಯೇ. ಆ ಕ್ಷೇಮವೇ ಅಭ್ಯಾಸವಾಗಿಬಿಡುತ್ತದೆ. ಆ ಅಭ್ಯಾಸ ರೆಕಾರ್ಡರ್‌ನ ಅಂಕಿಗಳಲ್ಲಿ ಕಾಣುತ್ತದೆ, ಕಿಟಕಿ ಪಕ್ಕದ ಸೀಟಿನಿಂದ ಕಾಣುವುದಿಲ್ಲ.

ದೇವನಹಳ್ಳಿಯ ಹತ್ತಿರ ಇನ್ನೇನು ಇಳಿಯಬೇಕು ಅನ್ನುವಾಗ ಎಂಜಿನ್ ಮೊರೆದು ವಿಮಾನ ಮೇಲಕ್ಕೆ ಹೋದರೆ ದಯವಿಟ್ಟು ಪೈಲಟ್‌ಗೆ ಇಳಿಸಲು ಬರಲಿಲ್ಲ ಎಂದು ಬರೆದು ಕಳಿಸಬೇಡಿ. ಅದು ಅವರಿಗೆ ಕಲಿಸಿರುವ ಸರಿಯಾದ ಕೆಲಸ. ಅದಕ್ಕೆ ಬೇಕಾದ ಇಂಧನವನ್ನು ಹೊರಡುವ ಮೊದಲೇ ಲೆಕ್ಕ ಹಾಕಿ ತುಂಬಿಸಿರುತ್ತಾರೆ.